ಸೊಂಟದ ಪಿಸ್ತೂಲಿಗೆ ಎಷ್ಟು ದಿನಕ್ಕೊಮ್ಮೆ ಎಣ್ಣೆ?

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಲೆಕ್ಕ ಬರೆಯುವವರು, ಹೋಟೆಲಿನಲ್ಲಿ ದುಡಿಯುವವರು, ಕಾರ್ಖಾನೆಯ ಪಾಳಿ ಮುಗಿಸಿ ಬರುವವರು ಇರುವಂತೆಯೇ ಕಾವಲಿನ ನೌಕರಿಯವರೂ ಉಂಟು. ಸೈನ್ಯದಿಂದ ನಿವೃತ್ತರಾಗಿ ಯಾವುದೋ ಪೇಢಿಯ ಬಾಗಿಲಲ್ಲಿ ನಿಲ್ಲುವವರು, ನಗದು ಒಯ್ಯುವ ಗಾಡಿಯೊಡನೆ ಹೋಗುವವರು, ಒಡವೆ ವ್ಯಾಪಾರಿಯ ಬೆನ್ನಿಗೆ ನೆರಳಿನಂತೆ ಇರುವವರು. ಇವರಲ್ಲಿ ಹಲವರ ಬಳಿ ಉದ್ದ ಬಂದೂಕು ಇರುತ್ತದೆ. ಕೆಲವರ ಬಳಿ ಮಾತ್ರ ಅಂಗಿಯ ಕೆಳಗೆ ಸೊಂಟಕ್ಕೆ ಕಟ್ಟಿದ ರಿವಾಲ್ವರೋ ಪಿಸ್ತೂಲೋ ಇರುತ್ತದೆ. ಇವರನ್ನು ಕುರಿತೇ ಈ ಪಾಠ. ಆಯುಧವಿಲ್ಲದ ವಾಚಕರು, ಅಂದರೆ ಬಹುಮಂದಿ, ಇದನ್ನು ಓದಿ ಆಯುಧ ಕೊಳ್ಳಬೇಕೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ಅಣ್ಣನೋ ಭಾವನೋ ಈ ನೌಕರಿಯಲ್ಲಿದ್ದು, ಒಂದೇ ಖೋಲಿಯಲ್ಲಿ ನೀವೂ ಅವರೊಡನೆ ಮಲಗುವವರಾದರೆ, ನಡುವೆ ಬರುವ ಒಂದು ಭಾಗವನ್ನು ಅವಶ್ಯವಾಗಿ ಓದಿರಿ.

ಕೇಳಲ್ಪಡುವ ಪ್ರಶ್ನೆ ಸರಳ. “ನಾನು ವರ್ಷದಿಂದ ಒಂದು ಗುಂಡನ್ನೂ ಹಾರಿಸಿಲ್ಲ. ಹಾರಿಸದ ಪಿಸ್ತೂಲನ್ನು ತೊಳೆಯುವುದೇತಕ್ಕೆ? ಎಣ್ಣೆ ಹಾಕುವುದಾದರೆ ಎಷ್ಟು ದಿನಕ್ಕೊಮ್ಮೆ?” ಪ್ರಶ್ನೆಯಲ್ಲಿಯೇ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಹಾರಿಸಿದರೆ ಮಾತ್ರ ಆಯುಧ ಕೊಳೆಯಾಗುತ್ತದೆ ಎಂಬುದು ಪೆಟ್ಟಿಗೆಯಲ್ಲಿಟ್ಟ ಆಯುಧದ ಮಟ್ಟಿಗೆ ಹೆಚ್ಚುಕಡಿಮೆ ನಿಜ. ಮೈಮೇಲೆ ಧರಿಸಿದ ಆಯುಧದ ಮಟ್ಟಿಗೆ ಅದು ಸಲ್ಲದು. ಅದಕ್ಕೆ ಹೊಗೆಮದ್ದಿನ ಮಸಿಗಿಂತ ಧರಿಸಿದವನ ಬೆವರು ದೊಡ್ಡ ಶತ್ರು. ಆದುದರಿಂದ ಲೆಕ್ಕವನ್ನು ಹಾರಿಸಿದ ಗುಂಡುಗಳಿಂದಲ್ಲ, ಧರಿಸಿದ ದಿನಗಳಿಂದ ಹಿಡಿಯಬೇಕು.

ನಮ್ಮ ದೇಶದಲ್ಲಿ ಧರಿಸುವ ರೀತಿಯನ್ನು ಕಾನೂನೇ ಗೊತ್ತುಮಾಡಿದೆ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಮೈಗೆ ಕಟ್ಟಿದ ಹೋಲ್ಸ್ಟರಿನಲ್ಲಾಗಲಿ ಅಂಥದೇ ಚೀಲದಲ್ಲಾಗಲಿ ಇರಿಸಿ, ಪೂರ್ತಿಯಾಗಿ ಮುಚ್ಚಿ ಒಯ್ಯತಕ್ಕದ್ದು. ಅದು ಒಯ್ಯುವವನ ಹತೋಟಿಯಲ್ಲಿಯೂ ಇರತಕ್ಕದ್ದು. ಜನರಿಗೆ ಕಾಣುವಂತೆ ತೂಗುಹಾಕಿಕೊಂಡು ತಿರುಗುವುದು ಸಲ್ಲದು. ಅಮೆರಿಕದ ಸ್ಥಿತಿ ಬೇರೆ. ಅಲ್ಲಿ ಸಾಮಾನ್ಯ ನಾಗರಿಕರೂ ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡು ಪೇಟೆಗೆ ಹೋಗುವುದುಂಟು; 2022ರ ಜೂನ್ ತಿಂಗಳಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಆತ್ಮರಕ್ಷಣೆಗಾಗಿ ಮನೆಯ ಹೊರಗೆ ಕೈಬಂದೂಕು ಒಯ್ಯುವುದು ಸಂವಿಧಾನವಿತ್ತ ಹಕ್ಕೆಂದು ತೀರ್ಪಿತ್ತಿತು. ಹಕ್ಕಿನ ವಿಷಯದಲ್ಲಿ ಎರಡು ದೇಶಗಳಿಗೂ ಅಜಗಜಾಂತರ. ಆದರೆ ಬಟ್ಟೆಯ ಕೆಳಗೆ ಮೈಗೆ ಅಂಟಿಕೊಂಡ ಉಕ್ಕಿಗೆ ಆಗುವ ಗತಿ ಎರಡು ಕಡೆಯೂ ಒಂದೇ. ಮುಂಬಯಿ ಮದರಾಸುಗಳ ಸೆಕೆಯಲ್ಲಿ ತುಸು ಹೆಚ್ಚೇ.

ಹಾಗಾದರೆ ಏನಾಗುತ್ತದೆ? ಬೆವರೆಂದರೆ ಉಪ್ಪುನೀರು. ನೀರು ಆರಿದರೂ ಉಪ್ಪು ಉಳಿಯುತ್ತದೆ; ಉಳಿದ ಉಪ್ಪು ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ತೇವಾಂಶ ನೂರಕ್ಕೆ 60–70ನ್ನು ದಾಟಿತೆಂದರೆ ಬರಿಯ ಕಬ್ಬಿಣ ತುಕ್ಕುಹಿಡಿಯುವ ವೇಗ ಹೆಚ್ಚುತ್ತದೆ. ಮುಂಬಯಿಯ ಮಳೆಗಾಲದಲ್ಲಿ ತೇವಾಂಶ ಇದಕ್ಕಿಂತ ಮೇಲೆಯೇ ಇರುತ್ತದೆ. “ನನ್ನದಕ್ಕೆ ಕರಿನೀಲಿ ಬಣ್ಣವಿದೆಯಲ್ಲ” ಎಂದು ಧೈರ್ಯ ತಾಳುವವರುಂಟು. ಆ ಬಣ್ಣ ಗೋಡೆಗೆ ಬಳಿದ ಬಣ್ಣದಂಥದಲ್ಲ. ಅದು ಉಕ್ಕಿನ ಮೇಲೆ ಬೇಕೆಂದೇ ಹಿಡಿಸಿದ ಒಂದು ಬಗೆಯ ತೆಳುವಾದ ತುಕ್ಕೇ. ಎಣ್ಣೆಯನ್ನು ಹೀರಿ ಹಿಡಿದಿಟ್ಟುಕೊಳ್ಳುವುದು ಅದರ ಗುಣ. ಎಣ್ಣೆ ಇಲ್ಲದ ಮೇಲೆ ಅದರಿಂದ ರಕ್ಷಣೆ ಅತ್ಯಲ್ಪ. ತುಕ್ಕು ಹಿಡಿಯದ ಉಕ್ಕೆಂದು ಹೆಸರಾದದ್ದು ಕೂಡ ನಿಧಾನವಾಗಿ ಹಿಡಿಯುವ ಉಕ್ಕೇ ಹೊರತು ಹಿಡಿಯದ ಉಕ್ಕಲ್ಲ. ಪ್ಲಾಸ್ಟಿಕ್ಕಿನ ಹಿಡಿಯ ಹೊಸ ಪಿಸ್ತೂಲುಗಳಲ್ಲಿ ಹಿಡಿಗೆ ಭಯವಿಲ್ಲ, ಆದರೆ ಅದರ ಸ್ಲೈಡು, ಒಳಗಿನ ಸ್ಪ್ರಿಂಗುಗಳು, ಸಣ್ಣ ಮೊಳೆಗಳು ಲೋಹದವೇ. ಇನ್ನು, ಎಲ್ಲರ ಬೆವರೂ ಒಂದೇ ಸಮವಲ್ಲ. ಕೆಲವರು ಮುಟ್ಟಿದ ಉಕ್ಕಿನ ಮೇಲೆ ಮಾರನೆಯ ದಿನವೇ ಬೆರಳಚ್ಚು ಕೆಂಪಗೆ ಮೂಡುತ್ತದೆ. ಅಂಥವರು ಮುಂದೆ ಹೇಳುವ ಅವಧಿಗಳನ್ನೆಲ್ಲ ಅರ್ಧಮಾಡಿಕೊಳ್ಳಬೇಕು.

ಎರಡನೆಯ ಉಪದ್ರವ ನವಿರು. ಬನಿಯನ್ನಿನ ನೂಲು, ಅಂಗಿಯ ಧೂಳು, ಚರ್ಮದ ಚೀಲದ ಪುಡಿ ಇವೆಲ್ಲ ಸೇರಿ ನಳಿಗೆಯ ಬಾಯಿಯಲ್ಲಿ, ಹ್ಯಾಮರಿನ ಬುಡದಲ್ಲಿ, ಸ್ಲೈಡಿನ ಸಂದಿಯಲ್ಲಿ ಕುಳಿತುಕೊಳ್ಳುತ್ತವೆ. ಎಣ್ಣೆ ಹೆಚ್ಚಾಗಿದ್ದರಂತೂ ಅದು ನವಿರನ್ನು ಕರೆದು ಕೂರಿಸುತ್ತದೆ. ಎರಡೂ ಸೇರಿ ಮೇಣದಂಥ ಪದಾರ್ಥವಾಗುತ್ತದೆ. ಮೂರನೆಯದು ಎಣ್ಣೆಯ ಸ್ವಭಾವ. ಪಿಸ್ತೂಲು ದಿನವೆಲ್ಲ ಮೂತಿ ಕೆಳಗಾಗಿ ತೂಗುತ್ತದೆ. ಹಾಕಿದ ಎಣ್ಣೆ ಮೆಲ್ಲಮೆಲ್ಲನೆ ಕೆಳಗಿಳಿದು ಬಟ್ಟೆಗೆ ಹತ್ತುತ್ತದೆ. ತೆಳುವಾದ ಭಾಗ ಆವಿಯಾಗುತ್ತದೆ. ಮಿಕ್ಕದ್ದು ಕಾಲಕ್ರಮದಲ್ಲಿ ಅಂಟಾಗುತ್ತದೆ. ಈ ಅಂಟು ಹ್ಯಾಮರಿನ ಅಥವಾ ಒಳಮೊಳೆಯ ವೇಗವನ್ನು ತಗ್ಗಿಸಿದರೆ ತೋಟಾದ ಕ್ಯಾಪಿಗೆ ಬೀಳಬೇಕಾದ ಪೆಟ್ಟು ಬೀಳುವುದಿಲ್ಲ. ಟ್ರಿಗರ್ ಎಳೆದಾಗ ‘ಟಕ್’ ಎಂದು ಸುಮ್ಮನಾಗುತ್ತದೆ. ಹೊರಗಿನಿಂದ ನೋಡಿದರೆ ಪಿಸ್ತೂಲು ಮಿರಿಮಿರಿ ಮಿಂಚುತ್ತಲೇ ಇರುತ್ತದೆ.

ಈಗ ಅವಧಿಯ ಮಾತು. ಲೋಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಪಿಸ್ತೂಲುಗಳಲ್ಲೊಂದಾದ ಆಸ್ಟ್ರಿಯಾ ದೇಶದ ಗ್ಲಾಕ್ ಕಂಪನಿಯವರು ತಮ್ಮ ಕೈಪಿಡಿಯಲ್ಲಿ ನಾಲ್ಕು ಮಾತು ಹೇಳಿದ್ದಾರೆ. ಹೊಸದನ್ನು ಮೊದಲ ಸಲ ಹಾರಿಸುವುದಕ್ಕೆ ಮುಂಚೆ ಶುಚಿಮಾಡಬೇಕು. ಹಾರಿಸಿದ ಪ್ರತಿಸಲವೂ ಮಾಡಬೇಕು. ಏನೂ ಹಾರಿಸದಿದ್ದರೂ ತಿಂಗಳಿಗೊಮ್ಮೆಯಾದರೂ ಮಾಡಬೇಕು. ಮಳೆ, ಬೆವರು, ಉಪ್ಪುನೀರು, ಧೂಳು ಇವುಗಳ ಸಹವಾಸವಾದಾಗ ಬೇಕಾದಷ್ಟು ಸಲ ಮಾಡಬೇಕು. ನಮ್ಮ ಮಟ್ಟಿಗೆ ಈ ನಾಲ್ಕನೆಯದೇ ಮುಖ್ಯ. ಯುರೋಪಿನ ಚಳಿಯಲ್ಲಿ ‘ತಿಂಗಳಿಗೊಮ್ಮೆ’ ಎಂಬುದು ನಿಯಮವಾದರೆ, ದಾದರಿನ ರೈಲಿನಲ್ಲಿ ನೂಕುನುಗ್ಗಲಿನಲ್ಲಿ ನಿಂತು ಬರುವವನಿಗೆ ಅದು ಕನಿಷ್ಠವೆಂದೇ ಎಣಿಸಬೇಕು.

ನಾವು ಸೂಚಿಸುವ ಕ್ರಮ ಇದು. ದಿನವೂ ಕೆಲಸ ಮುಗಿದ ಮೇಲೆ ಹೊರಮೈಯನ್ನು ಒಣಬಟ್ಟೆಯಿಂದ ಒರಸಿ, ಎಣ್ಣೆಯ ಪಸೆಯುಳ್ಳ ಇನ್ನೊಂದು ಬಟ್ಟೆಯನ್ನು ಮೇಲೆ ಆಡಿಸಬೇಕು. ಎರಡು ನಿಮಿಷದ ಕೆಲಸ. ವಾರಕ್ಕೊಮ್ಮೆ ಖಾಲಿಮಾಡಿ, ನಳಿಗೆಯ ಬಾಯಿ, ಹ್ಯಾಮರಿನ ಬುಡ, ಮ್ಯಾಗಜೀನಿನ ತುಟಿ ಇವುಗಳಲ್ಲಿ ನವಿರು ಕೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಒಣ ಬ್ರಷ್ಷಿನಿಂದ ತೆಗೆಯಬೇಕು. ತಿಂಗಳಿಗೊಮ್ಮೆ, ಮಳೆಗಾಲದಲ್ಲಾದರೆ ಹದಿನೈದು ದಿನಕ್ಕೊಮ್ಮೆ, ಕೈಪಿಡಿಯಲ್ಲಿ ಹೇಳಿದಷ್ಟು ಮಾತ್ರ ಬಿಚ್ಚಿ, ಹಳೆಯ ಎಣ್ಣೆ ತೆಗೆದು ಹೊಸದನ್ನು ಹಾಕಬೇಕು. ದಿಲ್ಲಿ, ಹೈದರಾಬಾದುಗಳ ಒಣ ಹವೆಯಲ್ಲಿ ತುಕ್ಕಿನ ಕಾಟ ಕಡಿಮೆ, ಧೂಳಿನ ಕಾಟ ಹೆಚ್ಚು; ಅಲ್ಲಿ ಎಣ್ಣೆ ಕಡಿಮೆ, ಬ್ರಷ್ಷು ಹೆಚ್ಚು. ಹಾರಿಸಿದ ದಿನ ಮಾತ್ರ ಯಾವ ಲೆಕ್ಕವೂ ಇಲ್ಲ, ಅದೇ ಸಂಜೆ ಶುಚಿಮಾಡುವುದು. ಮಳೆಯಲ್ಲಿ ನೆನೆದರೂ ಅಷ್ಟೇ.

ಸೈನ್ಯದಲ್ಲಿದ್ದ ಹಿರಿಯರು ಈ ವಿಷಯದಲ್ಲಿ ಬಹು ಕಟ್ಟುನಿಟ್ಟಿನವರು. ಹಾರಿಸಿದ ಮೇಲೆ ಮೂರು ದಿನ ಸತತವಾಗಿ ನಳಿಗೆ ಉಜ್ಜಬೇಕು, ಕುದಿನೀರು ಹಾಕಬೇಕು ಎಂದು ಅವರು ಕಲಿತದ್ದು, ಕಿರಿಯರಿಗೆ ಕಲಿಸಿದ್ದು. ಅದು ಸುಮ್ಮನೆ ಹುಟ್ಟಿದ ಶಿಸ್ತಲ್ಲ. ಹಿಂದಿನ ಕಾಲದ .303 ರೈಫಲಿನ ತೋಟಾಗಳ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟು ಇರುತ್ತಿತ್ತು. ಅದು ಉರಿದ ಮೇಲೆ ಅಡಿಗೆಯ ಉಪ್ಪಿನ ಜಾತಿಯದೇ ಒಂದು ಉಪ್ಪು ನಳಿಗೆಯಲ್ಲಿ ಉಳಿಯುತ್ತಿತ್ತು. ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿಯೇ ಕರಗಬೇಕು, ಅದಕ್ಕೆಂದೇ ಕುದಿನೀರು. ಈಗ ಪರವಾನಗಿದಾರರಿಗೆ ದೊರೆಯುವ ಹೊಸ ತೋಟಾಗಳಲ್ಲಿ ಸಾಮಾನ್ಯವಾಗಿ ಅಂಥ ಉಪ್ಪು ಉಳಿಯದ ಕ್ಯಾಪುಗಳಿರುತ್ತವೆ. ಆದುದರಿಂದ ಸಣ್ಣ ಕೈಬಂದೂಕಿಗೆ ಕುದಿನೀರಿನ ಉಪಚಾರ ಬೇಕಿಲ್ಲ, ಮೂರು ದಿನದ ಉಜ್ಜಾಟವೂ ಬೇಕಿಲ್ಲ. ವಿಪರೀತ ಉಜ್ಜುವುದರಿಂದ, ಅದರಲ್ಲಿಯೂ ಉಕ್ಕಿನ ಕಡ್ಡಿಯನ್ನು ನಳಿಗೆಯ ಬಾಯಿಗೆ ತಾಗಿಸಿ ಉಜ್ಜುವುದರಿಂದ, ಗುಂಡು ಹೊರಬೀಳುವ ಅಂಚು ಸವೆದು ಗುರಿ ಕೆಡುತ್ತದೆ. ಹಿರಿಯರ ಶಿಸ್ತನ್ನು ಬಿಡಬಾರದು. ಆ ಶಿಸ್ತನ್ನು ನಳಿಗೆಯಿಂದ ಹೊರಮೈಯ ಕಡೆಗೆ ತಿರುಗಿಸಿದರೆ ಸಾಕು.

ಇನ್ನು ಮೇಲೆ ಹೇಳಿದ, ಎಲ್ಲರೂ ಓದಬೇಕಾದ ಭಾಗ. ಆಯುಧದಿಂದ ಆಗುವ ಅನಾಹುತಗಳಲ್ಲಿ ಕೆಲವು ಶುಚಿಮಾಡುವ ಹೊತ್ತಿನಲ್ಲಿಯೇ ಆಗುತ್ತವೆ. ಕಾರಣ ಒಂದೇ: ಖಾಲಿಯಾಗಿದೆ ಎಂದು ನಂಬಿ ಕೈಹಾಕುವುದು. ಹಲವು ಹೊಸ ಪಿಸ್ತೂಲುಗಳಲ್ಲಿ ಇನ್ನೊಂದು ತೊಡಕುಂಟು. ಸ್ಲೈಡನ್ನು ಬಿಚ್ಚುವುದಕ್ಕೆ ಮುಂಚೆ ಟ್ರಿಗರನ್ನು ಒಮ್ಮೆ ಎಳೆಯಲೇಬೇಕಾಗುತ್ತದೆ, ಗ್ಲಾಕ್ ಅಂಥದೊಂದು. ಒಳಗೆ ಒಂದು ತೋಟಾ ಉಳಿದಿದ್ದರೆ ಅದು ಆಗಲೇ ಹಾರುತ್ತದೆ. ಆದುದರಿಂದ ಕ್ರಮ ತಪ್ಪಕೂಡದು. ಮೊದಲು ಮ್ಯಾಗಜೀನನ್ನು ಹೊರತೆಗೆಯುವುದು. ಆಮೇಲೆ ಸ್ಲೈಡನ್ನು ಹಿಂದಕ್ಕೆಳೆದು, ಚೇಂಬರಿನಲ್ಲಿರುವ ತೋಟಾವನ್ನು ಹೊರಗೆ ಬೀಳಿಸುವುದು. ಈ ಎರಡನ್ನು ಅದಲುಬದಲು ಮಾಡಿದಿರೋ, ಸ್ಲೈಡು ಮುಂದಕ್ಕೆ ಹೋಗುವಾಗ ಮ್ಯಾಗಜೀನಿನಿಂದ ಇನ್ನೊಂದು ತೋಟಾವನ್ನು ತಳ್ಳಿಕೊಂಡೇ ಹೋಗುತ್ತದೆ. ಆಮೇಲೆ ಮ್ಯಾಗಜೀನು ತೆಗೆದು “ಖಾಲಿ” ಎಂದುಕೊಂಡವನ ಕೈಯಲ್ಲಿ ಇರುವುದು ತುಂಬಿದ ಪಿಸ್ತೂಲು. ಬಳಿಕ ಸ್ಲೈಡನ್ನು ಹಿಂದಕ್ಕೆ ನಿಲ್ಲಿಸಿ ಕಣ್ಣಿನಿಂದ ನೋಡುವುದು, ಕಿರುಬೆರಳನ್ನು ಚೇಂಬರಿನೊಳಕ್ಕಿಟ್ಟು ಮುಟ್ಟಿನೋಡುವುದು. ಕಣ್ಣು ಸಂಜೆಯ ದಣಿವಿನಲ್ಲಿ ಮೋಸಹೋಗಬಹುದು, ಬೆರಳು ಹೋಗುವುದಿಲ್ಲ. ರಿವಾಲ್ವರಾದರೆ ತೆರೆದು, ಆರು ಮನೆಗಳನ್ನೂ ಎಣಿಸಿ, ಆರು ತೋಟಾಗಳೂ ಮೇಜಿನ ಮೇಲಿವೆಯೇ ಎಂದು ಎಣಿಸುವುದು.

ಎಣಿಸಿದ ತೋಟಾಗಳನ್ನು ಅಲ್ಲಿಯೇ ಬಿಡಬಾರದು. ಬೇರೆ ಕೋಣೆ ಇದ್ದರೆ ಬೇರೆ ಕೋಣೆಗೆ, ಚಾಳಿನ ಒಂದೇ ಖೋಲಿಯಾದರೆ ಬೀಗವಿರುವ ಟ್ರಂಕಿಗೆ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೋ ಉಡಿದಾರಕ್ಕೋ ಕಟ್ಟಿಕೊಂಡು, ಆಮೇಲೆ ಕುಳಿತುಕೊಳ್ಳುವುದು. ಮೂತಿ ಯಾವ ಕಡೆಗಿರಬೇಕು? ಚಾಳಿನ ಗೋಡೆಗಳು, ಹಲಗೆಯ ಅಡ್ಡತಡೆಗಳು ಗುಂಡನ್ನು ತಡೆಯುವುವೆಂದು ನಂಬಬೇಡಿರಿ. ಗೋಡೆಯಾಚೆ ಒಬ್ಬರ ತೊಟ್ಟಿಲಿರುತ್ತದೆ. ಮರಳು ತುಂಬಿದ ಬಕೆಟ್ಟೊಂದನ್ನು ಮುಂದಿಟ್ಟುಕೊಂಡು ಅದರ ಕಡೆಗೆ ಮೂತಿ ಮಾಡಿ ಖಾಲಿಮಾಡುವ ಪದ್ಧತಿ ಪೋಲೀಸು, ಸೈನ್ಯಗಳ ಠಾಣೆಗಳಲ್ಲಿ ಉಂಟು. ಮನೆಗೂ ಅದು ಒಳ್ಳೆಯದೇ. ಇದಕ್ಕಿಂತ ಉತ್ತಮವೆಂದರೆ ಕೆಲಸದ ಸ್ಥಳದಲ್ಲಿಯೇ ಶುಚಿಮಾಡಿ, ಅಲ್ಲಿಯ ತಿಜೋರಿಯಲ್ಲಿಯೇ ಆಯುಧವನ್ನು ಒಪ್ಪಿಸಿ ಬರುವುದು. ಯಜಮಾನರು ಒಪ್ಪುವುದಾದರೆ ಮನೆಗೆ ತರಲೇಬೇಡಿರಿ ಎಂದು ನಾವು ಹೇಳುವೆವು.

ಮಕ್ಕಳಿರುವ ಹೊತ್ತಿನಲ್ಲಿ ಈ ಕೆಲಸ ಬೇಡ. ಊಟದ ಹೊತ್ತಿನಲ್ಲೂ ಬೇಡ. ಹಾರಿಸಿದ ಆಯುಧದ ಮಸಿಯಲ್ಲಿ ಸೀಸ ಇರುತ್ತದೆ. ಅದು ಕೈಯಿಂದ ಅನ್ನಕ್ಕೆ, ಅನ್ನದಿಂದ ಹೊಟ್ಟೆಗೆ ಹೋಗುತ್ತದೆ, ಮಕ್ಕಳ ಬುದ್ಧಿಶಕ್ತಿಗೆ ಸೀಸ ಬಹಳ ಕೇಡು. ಹಳೆಯ ಪತ್ರಿಕೆ ಹಾಸಿಕೊಂಡು ಕುಳಿತು, ಮುಗಿದ ಮೇಲೆ ಅದನ್ನು ಚಿಂದಿಯೊಡನೆ ಸುತ್ತಿ ಕಸಕ್ಕೆ ಹಾಕಿ, ಸೋಪು ಹಚ್ಚಿ ಕೈ ತೊಳೆದುಕೊಳ್ಳಬೇಕು. ಸೀಮೆಎಣ್ಣೆಯಿಂದ ಮಸಿ ಕರಗಿಸುವುದಾದರೆ ಕಿಟಕಿ ತೆರೆದಿರಲಿ, ಒಲೆ ಆರಿರಲಿ.

ಇನ್ನು ಕೆಲಸದ ವಿವರ. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರು ನಮ್ಮ ಪರವಾನಗಿದಾರರಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಹಳೆಯ ವೆಬ್ಲಿ ರಿವಾಲ್ವರಿನ ಮಾದರಿಯಂತೆ ಅದು ನಡುವೆ ಮುರಿದು ಬಾಗುತ್ತದೆ. ಬಾಗಿಸಿದಾಗ ಸಿಲಿಂಡರಿನ ನಡುವಿನಿಂದ ನಕ್ಷತ್ರಾಕಾರದ ತುಂಡೊಂದು ಮೇಲೆದ್ದು ಆರು ತೋಟಾಗಳನ್ನೂ ಎತ್ತಿಕೊಡುತ್ತದೆ. ಈ ನಕ್ಷತ್ರದ ಅಡಿಯನ್ನು ಮರೆಯುವವರೇ ಹೆಚ್ಚು. ಸುಡದೆ ಉಳಿದ ಮದ್ದಿನ ಒಂದು ಕಾಳೋ ಬಟ್ಟೆಯ ಒಂದು ಎಳೆಯೋ ಅಲ್ಲಿ ಸಿಕ್ಕಿಕೊಂಡರೆ ನಕ್ಷತ್ರ ಪೂರ್ತಿ ಕೂರದು, ತೋಟಾಗಳು ಕೂದಲೆಳೆಯಷ್ಟು ಎತ್ತರದಲ್ಲಿ ನಿಲ್ಲುತ್ತವೆ, ಸಿಲಿಂಡರು ತಿರುಗದೆ ಬಿಗಿಯುತ್ತದೆ. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅದರ ಅಡಿಯನ್ನು ಒಣಗಿಯೇ ಉಜ್ಜಿರಿ; ಅಲ್ಲಿಗೆ ಎಣ್ಣೆ ಬೇಡ. ಆರು ಮನೆಗಳೂ ಒಣಗಿರಬೇಕು. ನಳಿಗೆಗೆ ಹಿಂದುಗಡೆಯಿಂದ ಕಡ್ಡಿ ಹಾಕಲು ಸಿಲಿಂಡರು ಅಡ್ಡವಾಗುವುದರಿಂದ ಬಾಯಿಯ ಕಡೆಯಿಂದಲೇ ಹಾಕಬೇಕಾಗುತ್ತದೆ. ಹಿತ್ತಾಳೆಯ ಅಥವಾ ಮರದ ಕಡ್ಡಿಯಾಗಿರಲಿ, ಬೆರಳಿನಿಂದ ಹಿಡಿದು ಅಂಚಿಗೆ ತಾಗದಂತೆ ನಡಸಿರಿ. ಎಣ್ಣೆ ಎಲ್ಲೆಲ್ಲಿ? ಬಾಗುವ ಕೀಲಿಗೆ ಒಂದು ಹನಿ, ಸಿಲಿಂಡರು ತಿರುಗುವ ಅಚ್ಚಿಗೆ ಒಂದು ಹನಿ, ಮೇಲಿನ ಅಗುಳಿಗೆ ಒಂದು ಹನಿ, ಹ್ಯಾಮರಿನ ಪಕ್ಕಕ್ಕೆ ಸೂಜಿಯ ಮೊನೆಯಲ್ಲಿ ಎತ್ತಿದಷ್ಟು. ಮುಗಿಯಿತು. ನಳಿಗೆಯೊಳಗೆ ಎಣ್ಣೆಯ ಚಿಂದಿ ಒಮ್ಮೆ, ಒಣ ಚಿಂದಿ ಒಮ್ಮೆ.

ಪಿಸ್ತೂಲಾದರೆ ಸ್ಲೈಡು ಜಾರುವ ಎರಡು ಪಟ್ಟಿಗಳಿಗೆ ಒಂದೊಂದು ಹನಿ, ನಳಿಗೆಯ ಹೊರಮೈ ಸ್ಲೈಡಿಗೆ ಉಜ್ಜಿ ಹೊಳೆಯುವ ಕಡೆ ಬೆರಳಿನಿಂದ ಸವರಿದಷ್ಟು. ಎಲ್ಲಿ ಲೋಹ ಉಜ್ಜಿ ಹೊಳೆಯುತ್ತದೋ ಅಲ್ಲಿ ಎಣ್ಣೆ, ಎಂಬುದು ಸುಲಭವಾದ ಗುರುತು. ಮ್ಯಾಗಜೀನಿನೊಳಗೆ ಎಣ್ಣೆ ಬೇಡ. ಒಳಮೊಳೆಯ ತೂತಿಗೂ ಬೇಡ. ಸ್ಲೈಡನ್ನು ಹತ್ತು ಸಲ ಹಿಂದೆಮುಂದೆ ಆಡಿಸಿ, ಉಕ್ಕಿ ಬಂದ ಎಣ್ಣೆಯನ್ನು ಒರಸಿಬಿಡಿರಿ. ಬೆರಳಿಗೆ ಜಿಡ್ಡು ತಿಳಿಯಬೇಕು, ಕಣ್ಣಿಗೆ ಹನಿ ಕಾಣಬಾರದು.

ಯಾವ ಎಣ್ಣೆ ಎಂಬುದಕ್ಕೆ ನೂರು ಬಾಯಿ ನೂರು ಮಾತು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಪಿಸ್ತೂಲಿಗೂ ಹಚ್ಚುವ ಮಿತವ್ಯಯಿಗಳುಂಟು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಶಾಖಕ್ಕಿಂತ ಕೆಳಗೆ ಗಟ್ಟಿಯಾಗುತ್ತದೆ; ಪುಣೆಯ ಚಳಿಗಾಲದ ಬೆಳಗ್ಗೆ ಹೆಪ್ಪುಗಟ್ಟಿದ ಎಣ್ಣೆಯೊಡನೆ ಕಾವಲಿಗೆ ನಿಲ್ಲುವುದು ಹೇಗೆ? ಮೇಲಾಗಿ ಅಡಿಗೆಯ ಎಣ್ಣೆಗಳೆಲ್ಲ ಗಾಳಿಗೆ ಹಳಸಿ ಅಂಟಾಗುತ್ತವೆ. ಹರಳೆಣ್ಣೆ ಮೊದಲೇ ಅಂಟು. ಹೊಲಿಗೆಯಂತ್ರದ ಎಣ್ಣೆ ಖನಿಜತೈಲ, ತೆಳು, ಅಂಟಾಗದು; ಬೇರೆ ದೊರೆಯದಿದ್ದಾಗ ನಡೆಯುತ್ತದೆ, ಆದರೆ ಬೆವರಿನ ಮುಂದೆ ಅದು ಬಹುಕಾಲ ನಿಲ್ಲದು. ಬಂದೂಕಿಗೆಂದೇ ಮಾಡಿದ ಎಣ್ಣೆಯ ಸೀಸೆ ಆಯುಧ ವ್ಯಾಪಾರಿಯ ಅಂಗಡಿಯಲ್ಲಿ ಸಿಗುತ್ತದೆ. ತಿಂಗಳಿಗೆ ಹತ್ತಾರು ಹನಿಗಳ ಖರ್ಚು, ಒಂದು ಸಣ್ಣ ಸೀಸೆ ವರ್ಷಕ್ಕೂ ಮಿಗುತ್ತದೆ. ಡಬ್ಬಿಯಿಂದ ಚಿಮುಕಿಸುವ, ಕೀಲುಕಿಲುಬು ಬಿಡಿಸುವ ದ್ರವಗಳು ನೀರನ್ನು ಓಡಿಸಲು ಒಳ್ಳೆಯವು. ಅವುಗಳ ಬಹುಭಾಗ ಆರಿಹೋಗುವುದರಿಂದ ಅವನ್ನೇ ಎಣ್ಣೆಯೆಂದು ನಂಬಿ ಕೂರಬಾರದು. ಒಂದು ಎಚ್ಚರಿಕೆ: ಯಾವ ಎಣ್ಣೆಯನ್ನಾಗಲಿ ತೋಟಾಗಳ ಮೇಲೆ ಚಿಮುಕಿಸಬೇಡಿರಿ. ತೆಳುವಾದ ಎಣ್ಣೆ ಕ್ಯಾಪಿನ ಸಂದಿಯಿಂದ ಒಳಗೆ ಇಳಿದು ಮದ್ದನ್ನು ಸಾಯಿಸಬಲ್ಲದು. ತೋಟಾಗಳನ್ನು ಒಣಬಟ್ಟೆಯಿಂದ ಒರಸಿದರೆ ಸಾಕು.

ತೋಟಾದ ಮಾತು ಬಂದುದರಿಂದ ಇದನ್ನೂ ಹೇಳಿಬಿಡೋಣ. ದಿನವೂ ರಾತ್ರಿ ಖಾಲಿಮಾಡಿ ಬೆಳಗ್ಗೆ ತುಂಬುವವರು ಅದೇ ತೋಟಾವನ್ನೇ ಪ್ರತಿದಿನ ಪಿಸ್ತೂಲಿನ ಚೇಂಬರಿಗೆ ಏರಿಸುತ್ತಾರೆ. ಪ್ರತಿಸಲವೂ ಅದರ ಮೂಗು ಇಳಿಜಾರಿಗೆ ಬಡಿಯುತ್ತದೆ. ಬಡಿದು ಬಡಿದು ಗುಂಡು ಹಿತ್ತಾಳೆಯೊಳಕ್ಕೆ ತುಸುತುಸುವೇ ಹಿಮ್ಮೆಟ್ಟುತ್ತದೆ. ಒಳಗಿನ ಜಾಗ ಕಿರಿದಾದರೆ ಹಾರಿಸಿದಾಗಿನ ಒತ್ತಡ ಅಪಾಯಕರವಾಗಿ ಏರುತ್ತದೆ. ವಾರಕ್ಕೊಮ್ಮೆ ಆ ತೋಟಾವನ್ನು ಹೊಸದರ ಪಕ್ಕದಲ್ಲಿ ನಿಲ್ಲಿಸಿ ನೋಡಿರಿ. ಕುಳ್ಳಾಗಿ ಕಂಡರೆ ಅದನ್ನು ಬಳಸದೆ ಬೇರೆಯಿರಿಸಿ ವ್ಯಾಪಾರಿಗೆ ಒಪ್ಪಿಸಬೇಕು, ಲೆಕ್ಕದಲ್ಲಿಯೂ ಬರೆಸಬೇಕು. ರಿವಾಲ್ವರಿಗೆ ಈ ಪೀಡೆ ಇಲ್ಲ.

ಚರ್ಮದ ಹೋಲ್ಸ್ಟರು ಧರಿಸುವುದಕ್ಕೆ ಹಿತವಾದದ್ದು, ಇಡುವುದಕ್ಕೆ ಹಿತವಾದದ್ದಲ್ಲ. ಚರ್ಮ ಬೆವರನ್ನು ಹೀರಿ ಹಿಡಿದಿರುತ್ತದೆ. ಹದಮಾಡಿದ ಆಮ್ಲ, ಲವಣಗಳೂ ಅದರಲ್ಲಿರುತ್ತವೆ. ರಾತ್ರಿ ಆಯುಧವನ್ನು ಅದರೊಳಗೇ ಬಿಟ್ಟು ಟ್ರಂಕಿಗೆ ಹಾಕಿದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಂತೆಯೇ. ಹೋಲ್ಸ್ಟರನ್ನು ಬೇರೆ ನೇತುಹಾಕಿ ಆರಲು ಬಿಡಿರಿ. ಆಯುಧವನ್ನು ಎಣ್ಣೆಪಸೆಯ ಹತ್ತಿಬಟ್ಟೆಯಲ್ಲಿ ಸುತ್ತಿ ಬೀಗದೊಳಗಿರಿಸಿರಿ. ಔಷಧದ ಸೀಸೆಗಳಲ್ಲಿ ಬರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ಎಸೆಯದೆ ಕೂಡಿಡುವವರು ನಾಲ್ಕನ್ನು ಆ ಪೆಟ್ಟಿಗೆಯಲ್ಲಿಡಬಹುದು, ಆಗಾಗ್ಗೆ ಬದಲಿಸಬೇಕಷ್ಟೇ.

ಆಯುಧಪೂಜೆಯ ಮರುದಿನವೂ ಒಂದು ಶುಚಿಯ ದಿನವೆಂದು ಗುರುತು ಹಾಕಿಕೊಳ್ಳಿರಿ. ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮ, ಗಂಧ, ಹೂವಿನ ತೇವ ಇವು ಭಕ್ತಿಗೆ ಸರಿ, ಉಕ್ಕಿಗೆ ಅಲ್ಲ. ಕೊಡಗಿನವರು ಸೆಪ್ಟೆಂಬರಿನ ಮೊದಲಲ್ಲಿ ಕೈಲ್ ಮುಹೂರ್ತವನ್ನು ಆಚರಿಸುವಾಗ ಆಯುಧಗಳನ್ನು ಶುಚಿಮಾಡಿಯೇ ಪೂಜೆಗಿಡುತ್ತಾರೆ, ತೋಕ್ ಪೂ ಎಂಬ ಹೂವನ್ನು ಮುಡಿಸುತ್ತಾರೆ. ಮಳೆಗಾಲವನ್ನು ಕಳೆದ ಬಂದೂಕನ್ನು ಆ ಹೊತ್ತಿಗೆ ತೆಗೆದು ಒರಸುವ ಪದ್ಧತಿಯಲ್ಲಿ ವ್ಯವಹಾರಜ್ಞಾನವೂ ಇದೆ ಎಂದು ನಮಗೆ ತೋರುತ್ತದೆ.

ಚುನಾವಣೆಯ ಕಾಲದಲ್ಲಿ ಪರವಾನಗಿಯ ಆಯುಧಗಳನ್ನು ಠಾಣೆಯಲ್ಲಿ ಇಲ್ಲವೆ ವ್ಯಾಪಾರಿಯಲ್ಲಿ ಒಪ್ಪಿಸಬೇಕೆಂದು ಆಜ್ಞೆಯಾಗುವುದುಂಟು. ಊರಿಗೆ ಎರಡು ತಿಂಗಳು ಹೋಗುವವರೂ ಹೀಗೆ ವ್ಯಾಪಾರಿಯಲ್ಲಿ ಇರಿಸಿ ಹೋಗುತ್ತಾರೆ. ವಾರಗಟ್ಟಲೆ ಯಾರೂ ಮುಟ್ಟದೆ ಇರುವ ಆಯುಧಕ್ಕೆ ದಿನನಿತ್ಯದ ಹನಿ ಸಾಲದು. ಒಪ್ಪಿಸುವ ಮುನ್ನ ಬೆವರಿನ ಉಪ್ಪನ್ನೆಲ್ಲ ಒರಸಿ, ಒಳಗೂ ಹೊರಗೂ ಎಣ್ಣೆಯನ್ನು ಧಾರಾಳವಾಗಿ ಸವರಿ, ಎಣ್ಣೆಕಾಗದದಲ್ಲಿ ಸುತ್ತಿ ಒಪ್ಪಿಸಿ, ರಸೀತಿಯಲ್ಲಿ ಆಯುಧದ ನಂಬರು ಸರಿಯಾಗಿದೆಯೇ ನೋಡಿಕೊಳ್ಳಿರಿ. ಮರಳಿ ಪಡೆದಾಗ ನಳಿಗೆಯನ್ನು ಒಣ ಚಿಂದಿಯಿಂದ ಒರಸದೆ ತೋಟಾ ತುಂಬಬೇಡಿರಿ; ಎಣ್ಣೆ ತುಂಬಿದ ನಳಿಗೆಯಲ್ಲಿ ಗುಂಡು ಹಾರಿಸುವುದು ಒಳ್ಳೆಯದಲ್ಲ.

ಆಯುಧ ಯಜಮಾನರದಾಗಿದ್ದು ಕಾವಲು ನಮ್ಮದಾಗಿರುವಾಗ ಎಣ್ಣೆ ಯಾರ ಖರ್ಚು ಎಂಬ ಜಗಳ ಬರುತ್ತದೆ. ಅದು ಯಜಮಾನರ ಖರ್ಚೇ. ಕೇಳಲು ಸಂಕೋಚಬೇಡ. ಆದರೆ ಅವರು ತಂದುಕೊಡುವವರೆಗೆ ಶುಚಿಮಾಡದೆ ಕೂರುವುದು ನಮಗೇ ಕೇಡು. ಆಪತ್ತಿನ ಹೊತ್ತಿನಲ್ಲಿ ಎದುರು ನಿಲ್ಲುವವರು ನಾವು, ಆಮೇಲೆ ಪ್ರಶ್ನೆಗೆ ಉತ್ತರ ಕೊಡಬೇಕಾದವರೂ ನಾವೇ. ಒಂದು ಎರಡಾಣೆಯ ನೋಟುಬುಕ್ಕಿನಂಥ ಸಣ್ಣ ಪುಸ್ತಕ ಮಾಡಿ (ಎರಡಾಣೆಯ ಕಾಲ ಹೋಯಿತು, ಪುಸ್ತಕ ಉಳಿದಿದೆ) ಶುಚಿಮಾಡಿದ ತಾರೀಖು, ಕಂಡ ದೋಷ, ತೋಟಾಗಳ ಸಂಖ್ಯೆ ಇಷ್ಟನ್ನು ಬರೆದು ತಿಂಗಳಿಗೊಮ್ಮೆ ಯಜಮಾನರ ರುಜು ಹಾಕಿಸಿಕೊಳ್ಳಿರಿ. ಲೆಕ್ಕ ಬರೆಯುವ ಬಂಧುಗಳು ಇದಕ್ಕೆ ಒಂದು ನಮೂನೆ ಗೆರೆ ಹಾಕಿಕೊಟ್ಟರೆ ಕಾವಲಿನವರಿಗೆ ಬಹಳ ಉಪಕಾರ.

ನಿಮ್ಮ ಹೆಸರು ಯಜಮಾನರ ಪರವಾನಗಿಯಲ್ಲಿ ‘ರಿಟೇನರ್’ ಎಂದು ದಾಖಲಾಗಿದೆಯೇ ಎಂಬುದನ್ನೂ ಆ ನೆಪದಲ್ಲಿ ವಿಚಾರಿಸಿಕೊಳ್ಳಿರಿ. ಸ್ಪ್ರಿಂಗು ಸೋತಿದ್ದರೆ, ಸಿಲಿಂಡರು ಅಲುಗಾಡುತ್ತಿದ್ದರೆ, ತುಕ್ಕು ಬಟ್ಟೆಗೆ ಬಾರದೆ ಗುಳಿಯಾಗಿ ಕೊರೆದಿದ್ದರೆ ಅದು ಎಣ್ಣೆಯಿಂದ ಹೋಗುವ ರೋಗವಲ್ಲ. ಮರಳುಕಾಗದ ಹಿಡಿದು ಉಜ್ಜುವುದು ಇನ್ನೂ ಕೇಡು. ಪರವಾನಗಿಯುಳ್ಳ ಬಂದೂಕು ದುರಸ್ತಿಗಾರನಲ್ಲಿಗೇ ಒಯ್ಯಬೇಕು. 1959ರ ಆಯುಧ ಕಾಯಿದೆಯ ಪ್ರಕಾರ ಸ್ವಂತ ಪರವಾನಗಿಯಿಲ್ಲದವನು ಇನ್ನೊಬ್ಬರ ಆಯುಧವನ್ನು ದುರಸ್ತಿಗೆ ಒಯ್ಯಬೇಕಾದರೆ ಪರವಾನಗಿದಾರರು ಜೊತೆಯಲ್ಲಿರಬೇಕು ಇಲ್ಲವೆ ಅವರ ಲಿಖಿತ ಅಧಿಕಾರಪತ್ರ ಕೈಯಲ್ಲಿರಬೇಕು. ಬಾಯಿಮಾತಿನ ಅಪ್ಪಣೆಯ ಮೇಲೆ ಹೊರಡಬೇಡಿರಿ. ಕಾಗದದಲ್ಲಿ ಆಯುಧದ ನಂಬರು, ದುರಸ್ತಿಗಾರನ ಹೆಸರು, ಹೋಗಿಬರುವ ತಾರೀಖು ಬರೆಸಿಕೊಂಡು, ತೋಟಾಗಳನ್ನು ತಿಜೋರಿಯಲ್ಲಿಯೇ ಬಿಟ್ಟು, ಆಮೇಲೆ ಹೊರಡಿರಿ.